ಮಾದರಿ ಹದಿನೇಳು

2012ರ ಜನವರಿ 30, ಸೋಮವಾರ. ಆ ದಿನದ ಘಟನೆಗಳ ಕ್ರಮ ಹೀಗಿತ್ತು.

ಬೆಳಿಗ್ಗೆ ಆರು ಹತ್ತು: ಅಥಣಿಯ ಆಸ್ಪತ್ರೆಯೊಂದರಲ್ಲಿ ಕೋಮಲ ತೀರಿಕೊಂಡಳು. ಇಪ್ಪತ್ತೆರಡು ವರ್ಷ. ಏಳು ತಿಂಗಳ ಬಸುರಿ. ಕಣ್ಣು, ಉಗುರು, ಅಂಗೈ ಎಲ್ಲವೂ ಹಳದಿಯಾಗಿದ್ದವು.

ಬೆಳಿಗ್ಗೆ ಹತ್ತೂವರೆ: ಅವಳ ಗಂಡ ಬೀರದೇವ ಪೊಲೀಸ್ ಠಾಣೆಗೆ ಬಂದ. ಕುರಿಗಾರ. ತೆಲಸಂಗದ ಆಚೆಗಿನ ಕರೇಮಡ್ಡಿಯವನು. ಊರಿನ ಉಪಕೇಂದ್ರದ ನರ್ಸ್ ಸುಗಂಧಾ ಚುಚ್ಚಿದ ಸೂಜಿಯಿಂದಲೇ ಹೆಂಡತಿಗೆ ಕಾಮಣಿ ತಗುಲಿತೆಂದು ದೂರು ಬರೆಸಿದ. ತನ್ನ ತಮ್ಮ ಮಾಳಸಿದ್ದ ಮತ್ತು ಅಕ್ಕ ಲಗಮವ್ವ ಸಹ ಅದೇ ಸೂಜಿಯಿಂದಾಗಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದಾರೆ ಎಂದೂ ಬರೆಸಿದ.

ಸಂಜೆ ನಾಲ್ಕು ಇಪ್ಪತ್ತು: ಮೂವರ ರಕ್ತವೂ ಚಿಕ್ಕೋಡಿಯ ನಮ್ಮ ಲ್ಯಾಬಿಗೆ ತಲುಪಿತು. ಐಸ್ ತುಂಬಿದ ಥರ್ಮಾಸನ್ನು ಹಸುಗೂಸಿನಂತೆ ಎದೆಗವಚಿಕೊಂಡು ತಂದವರು ಹವಾಲ್ದಾರ ಬಾಳಾಸಾಬ.

ಯಕೃತ್ತಿಗೆ ತಗುಲುವ ವೈರಾಣುಗಳ ಸಮೀಕ್ಷೆಗಾಗಿ ತೆರೆದಿದ್ದ ಸಣ್ಣ ಲ್ಯಾಬ್ ಅದು. ಮುಖ್ಯಸ್ಥರು ಬೆಳಗಾವಿಯಲ್ಲಿರುತ್ತಿದ್ದರು. ಇಲ್ಲಿದ್ದವಳು ನಾನೊಬ್ಬಳೇ. ನೀಲಮ, ನಿಪ್ಪಾಣಿಯವಳು, ಎಂ.ಎಸ್ಸಿ. ಮುಗಿಸಿ ಎಂಟು ತಿಂಗಳಾಗಿತ್ತು. ನಳಿಕೆಗಳಿಗೆ ಸಂಖ್ಯೆ ಬರೆದೆ. ಮಾಳಸಿದ್ದ 14. ಲಗಮವ್ವ 15. ಕೋಮಲ 16.

"ಮೇಡಂ, ಯಾರ ಕೊಂದಾರ ಅಂತ ಇದರಾಗ ಹೆಸರ ಬರ್ತೈತೇನ್ರಿ?" ಬಾಳಾಸಾಬರು ಕೇಳಿದರು.

"ಹೆಸರ ಬರೂದಿಲ್ರಿ. ಯಾರ ರೋಗ ಯಾರಿಗೆ ಹೋಗೈತಿ ಅನ್ನೂದು ತಿಳೀತೈತಿ."

"ಅಂದ್ರ ಬೆರಳಚ್ಚು ಇದ್ದಂಗ."

"ಸುಮಾರ ಹಂಗ."

"ಸುಮಾರ ಅಂದ್ರ ನಮ್ಮ ಸಾಹೇಬರು ಒಪ್ಪೂದಿಲ್ರಿ. ಬರೋಬ್ಬರಿ ಬೇಕು."

"ಬರೋಬ್ಬರಿ ಕೊಡ್ತೇನ್ರಿ," ಎಂದೆ.

*

ಲ್ಯಾಬಿನಲ್ಲಿ ಎರಡು ಕೋಣೆಗಳಿದ್ದವು. ರಕ್ತದಿಂದ ವೈರಾಣುವಿನ ವಂಶವಾಹಿಯನ್ನು ಬೇರ್ಪಡಿಸುವುದು ಮೊದಲ ಕೋಣೆಯಲ್ಲಿ. ಅದನ್ನು ಶುದ್ಧ ಕೋಣೆ ಎನ್ನುತ್ತಿದ್ದೆವು. ಮಾದರಿಗಳನ್ನಿಡುವ ಫ್ರಿಜ್ ಅಲ್ಲಿಯೇ ಇದ್ದುದರಿಂದ ಇನ್ವರ್ಟರ್ ಸೌಲಭ್ಯ ಆ ಕೋಣೆಗೆ ಮಾತ್ರ ಇತ್ತು. ಎರಡನೆಯ ಕೋಣೆಯಲ್ಲಿ ಪಿಸಿಆರ್ ಯಂತ್ರ. ವಂಶವಾಹಿಯ ಒಂದು ತುಣುಕನ್ನು ಎರಡೇ ಗಂಟೆಯಲ್ಲಿ ಕೋಟಿ ಕೋಟಿ ಪಟ್ಟು ನಕಲು ಮಾಡುವ ಯಂತ್ರ ಅದು. ಹಾಗೆ ನಕಲಾದದ್ದನ್ನು ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ವಿದ್ಯುತ್ ಹಾಯಿಸಿ ಓಡಿಸಿದಾಗ ವೈರಾಣು ಇದ್ದರೆ ಹೊಳೆಯುವ ಪಟ್ಟಿಯೊಂದು ಕಾಣುತ್ತದೆ. ಆ ತುಣುಕನ್ನು ಬೆಂಗಳೂರಿಗೆ ಕಳುಹಿಸಿದರೆ ಅದರ ನಾನೂರು ಅಕ್ಷರಗಳನ್ನು ಓದಿ ಮಿಂಚಂಚೆಯಲ್ಲಿ ತಿಳಿಸುತ್ತಾರೆ. ಇಬ್ಬರ ಅಕ್ಷರಗಳು ಹೊಂದಿದರೆ ಇಬ್ಬರ ರೋಗದ ಮೂಲವೂ ಒಂದೇ.

ಮಂಗಳವಾರ ಮೂರೂ ಮಾದರಿಗಳನ್ನು ಯಂತ್ರಕ್ಕಿಟ್ಟೆ. ಬುಧವಾರ ಬೆಳಿಗ್ಗೆ ಜೆಲ್ ಸಿದ್ಧಪಡಿಸಿದೆ. ಹನ್ನೆರಡಕ್ಕೆ ಸರಿಯಾಗಿ ಲೋಡ್ ಶೆಡ್ಡಿಂಗ್. ನಾಲ್ಕರವರೆಗೆ ಕರೆಂಟಿಲ್ಲ. ಠಾಣೆಯಿಂದ ಎರಡು ಸಲ ಫೋನ್ ಬಂದಿತ್ತು. ಇನ್ವರ್ಟರಿನ ನೆರವಿನಿಂದ ಕೆಲಸ ಮುಗಿಸಿದೆ. 16ರ ಮುಚ್ಚಳ ಬಿಗಿಯಾಗಿತ್ತು. ಟಪ್ ಎಂದು ತೆರೆದುಕೊಂಡಿತು. ಮೂರು ಮಾದರಿಗಳಲ್ಲೂ ಹೆಪಟೈಟಿಸ್ ಬಿ ವೈರಾಣು ಇತ್ತು.

ಆ ಸಂಜೆ ಬಾಳಾಸಾಬರು ನರ್ಸ್ ಸುಗಂಧಾ ಬಾಯಿಯ ರಕ್ತ ತಂದರು. ಅದಕ್ಕೆ 17 ಎಂಬ ಸಂಖ್ಯೆ ಕೊಟ್ಟೆ.

ಗುರುವಾರ 17ರ ಪರೀಕ್ಷೆ. ಪ್ರತಿ ಪರೀಕ್ಷೆಯ ಜೊತೆ ವೈರಾಣು ಇದೆಯೆಂದು ಗೊತ್ತಿರುವ ಒಂದು ನಳಿಕೆಯನ್ನೂ ಬರೀ ನೀರಿನ ಒಂದು ನಳಿಕೆಯನ್ನೂ ಇಡುವುದು ಕ್ರಮ. ಕಿಟ್ಟಿನಲ್ಲಿ ಎರಡೇ ನಳಿಕೆಗಾಗುವಷ್ಟು ದ್ರಾವಣ ಉಳಿದಿತ್ತು. ನೀರಿನದನ್ನು ಕೈಬಿಟ್ಟೆ. 17ರಲ್ಲಿಯೂ ಪಟ್ಟಿ ಕಂಡಿತು. ಸ್ವಲ್ಪ ಮಸುಕಾಗಿತ್ತು. ಆದರೆ ಇತ್ತು.

ಫೆಬ್ರವರಿ 13ರಂದು ಅಕ್ಷರಗಳು ಬಂದವು. ನಾಲ್ವರದೂ ಒಂದೇ ವಂಶದ ವೈರಾಣು. 14 ಮತ್ತು 15 ಒಂದೆರಡು ಅಕ್ಷರಗಳಷ್ಟು ಬೇರೆ. 16 ಮತ್ತು 17 ಮಾತ್ರ ಅಕ್ಷರಕ್ಕೆ ಅಕ್ಷರ ಒಂದೇ.

ಮರುದಿನ ವರದಿ ಬರೆದು ಸಹಿ ಮಾಡಿದೆ. ಫೆಬ್ರವರಿ 14ರ ಆ ಸಂಜೆಯೇ ಸುಗಂಧಾ ಬಾಯಿಯ ಬಂಧನವಾಯಿತು. ಇಲಾಖೆ ಅವರನ್ನು ಅಮಾನತಿನಲ್ಲಿಟ್ಟಿತು.

"ಸಾಹೇಬರು ಖುಷ್ ಆಗ್ಯಾರ್ರೀ," ಬಾಳಾಸಾಬರು ಫೋನಿನಲ್ಲಿ ಹೇಳಿದರು. "ಹುಡುಗಿ ಬರೋಬ್ಬರಿ ಐತಿ ಅಂದ್ರು."

ನನಗೂ ಖುಷಿಯಾಗಿತ್ತು. ಅದನ್ನು ಮುಚ್ಚಿಡಲಾರೆ.

*

ಶನಿವಾರ, ಫೆಬ್ರವರಿ 18. ಇಪ್ಪತ್ತರ ಆಸುಪಾಸಿನ ಯುವತಿಯೊಬ್ಬಳು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ನೀಲಮ ಮೇಡಂ ಅಂದ್ರ ನೀವ ಏನ್ರಿ? ನಾ ಪೂನಮ. ಸುಗಂಧಾ ಬಾಯಿ ಮಗಳು."

ಕುಳಿತುಕೊಳ್ಳಲು ಹೇಳಿದೆ. ಅವಳು ಕೂರಲಿಲ್ಲ.

"ಇದನ್ನ ನೋಡ್ರಿ. ಅವ್ವಗ ಹೆಪಟೈಟಿಸ್ ಲಸಿಕಿ ಮೂರೂ ಡೋಸ್ ಆಗ್ಯಾವು. ಡಿಸೆಂಬರದಾಗ ರಕ್ತ ತಪಾಸಣಿ ಆಗೈತಿ. ರೋಗ ಇಲ್ಲ, ರಕ್ಷಣಾ ಭರಪೂರ ಐತಿ ಅಂತ ಬರದಾರ. ಒಂದೂವರಿ ತಿಂಗಳದಾಗ ಎಲ್ಲಿಂದ ಬಂತ್ರಿ?"

ಕಾಗದಗಳನ್ನು ನೋಡಿದೆ. ದಿನಾಂಕ, ಮೊಹರು ಎಲ್ಲವೂ ಸರಿಯಾಗಿದ್ದವು.

"ಒಮ್ಮೊಮ್ಮೆ ಆಗ್ತೈತಿ..." ಎಂದು ಆರಂಭಿಸಿದೆ.

"ಕರೇಮಡ್ಡಿ ಮಂದಿ ನಮ್ಮ ಮನಿ ಮುಂದ ಹಾಯೂ ಮುಂದ ಮೂಗಿಗೆ ಸೆರಗ ಹಿಡೀತಾರ್ರಿ. ಮದಲೂ ಕೆಲವರು ಹಿಡೀತಿದ್ರು. ಆವಾಗ ಯಾಕಂತ ಬಾಯಿ ಬಿಟ್ಟು ಹೇಳ್ತಿರಲಿಲ್ಲ. ಈಗ ನಿಮ್ಮ ರಿಪೋರ್ಟ್ ತೋರಸ್ತಾರ."

ನಮ್ಮದೂ ಊರ ಹೊರಗಿನ ಕೇರಿ; ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ. ಆ ಸೆರಗು ಏನೆಂದು ನನಗೆ ಗೊತ್ತು. ಅದನ್ನು ಅವಳಿಗೆ ಹೇಳಲಿಲ್ಲ.

"ಇನ್ನೊಮ್ಮೆ ನೋಡ್ತೇನಿ, ಪೂನಮ."

"ಮದಲನೇ ಸಲ ನೋಡಿರಲಿಲ್ಲೇನ್ರಿ?" ಎಂದು ಹೇಳಿ ಫೈಲನ್ನು ಮೇಜಿನ ಮೇಲಿಟ್ಟು ಹೋದಳು.

ನಾನೂರು ಅಕ್ಷರಗಳನ್ನು ಮತ್ತೆ ಹರಡಿಕೊಂಡು ಕುಳಿತೆ. ಮುನ್ನೂರ ಹನ್ನೆರಡನೆಯ ಸ್ಥಾನದಲ್ಲಿ, ಮೂವರು ರೋಗಿಗಳ ಪೈಕಿ ಕೋಮಲಳಿಗೆ ಮಾತ್ರ ಇರುವ ಒಂದು ಅಕ್ಷರವಿತ್ತು. ಅದು 14ರಲ್ಲಿ ಇಲ್ಲ, 15ರಲ್ಲಿಯೂ ಇಲ್ಲ. 17ರಲ್ಲಿ ಇದೆ.

ಸುಗಂಧಾ ಬಾಯಿಯಿಂದ ಮೂವರಿಗೂ ರೋಗ ಹರಡಿದ್ದರೆ ಕೋಮಲಳ ಸ್ವಂತ ಗುರುತು ಅವರ ರಕ್ತದಲ್ಲಿ ಏಕಿರಬೇಕು? ಅದು ಅವರದೇ ಆಗಿದ್ದರೆ 14, 15ರಲ್ಲಿಯೂ ಇರುತ್ತಿತ್ತು. ಆ ಗುರುತು ಕೋಮಲಳಿಂದ ಅವರಿಗೆ ಬಂದಿರಬೇಕೇ ಹೊರತು ಅವರಿಂದ ಕೋಮಲಳಿಗೆ ಹೋಗಿರಲು ಸಾಧ್ಯವಿಲ್ಲ. ಅಂದರೆ ಬಾಯಿ ರೋಗ ಕೊಟ್ಟವರಲ್ಲ. ಲಸಿಕೆಯ ರಕ್ಷಣೆ ಇದ್ದುದರಿಂದ ರೋಗ ಪಡೆದವರೂ ಅಲ್ಲ.

ಹಾಗಾದರೆ ಆ ಅಕ್ಷರ ಹದಿನೇಳನೆಯ ನಳಿಕೆಗೆ ಬಂದದ್ದು ಎಲ್ಲಿಂದ? ಉತ್ತರ ಅಂದೇ ಅರ್ಧ ಹೊಳೆದಿತ್ತು. ಉಳಿದರ್ಧವನ್ನು ನೋಡಲು ಧೈರ್ಯವಾಗಲಿಲ್ಲ. ನಿಜವಾದ ಮೂಲ ಮೊದಲು ಸಿಗಲಿ ಎಂದುಕೊಂಡೆ. ಬಾಳಾಸಾಬರಿಗೆ ಫೋನ್ ಮಾಡಿದೆ.

*

ಭಾನುವಾರ ಕರೇಮಡ್ಡಿಗೆ ಹೋದೆವು. ಉಪಕೇಂದ್ರದ ಬೀಗವನ್ನು ಬಾಳಾಸಾಬರೇ ತೆಗೆದರು. ಕಪಾಟಿನಲ್ಲಿ ಸರ್ಕಾರ ಪೂರೈಸಿದ ಸಿರಿಂಜುಗಳಿದ್ದವು. ಒಂದನ್ನು ಬಿಚ್ಚಿ, ನೀರು ತುಂಬಿ, ಒತ್ತಿದೆ. ನಂತರ ಅವರ ಕೈಗೆ ಕೊಟ್ಟೆ.

"ಈಗ ಹಿಂದಕ್ಕ ಎಳೀರಿ."

ಎಳೆದರು. ಬರಲಿಲ್ಲ. ಹಲ್ಲು ಕಚ್ಚಿ ಎಳೆದರು. ಹಿಡಿ ಮುರಿದು ಕೈಗೆ ಬಂತು.

"ಥೋ! ಇದೇನ್ರಿ, ನಮ್ಮ ಜೀಪಿನ ಗೇರ್ ಇದ್ದಂಗ ಐತಿ."

"ಒಂದ ಸಲ ಒತ್ತಿದ್ರ ಮುಗೀತ್ರಿ. ಇನ್ನೊಬ್ಬರಿಗೆ ಇದನ್ನ ಚುಚ್ಚಾಕ ಬರೂದಿಲ್ಲ."

ರಜಿಸ್ಟರಿನಲ್ಲಿ ಕೋಮಲಳ ಹೆಸರಿತ್ತು: ನವೆಂಬರ್, ಬಸುರಿಯರ ಧನುರ್ವಾಯು ಲಸಿಕೆ. ಮಾಳಸಿದ್ದನ ಹೆಸರೂ ಇತ್ತು: ಕಾಲಿಗೆ ತಂತಿ ತಗುಲಿದ ಗಾಯ. ಲಗಮವ್ವನ ಹೆಸರು ಇರಲಿಲ್ಲ.

"ಬಾಯಿ ಬರದಿರಲಿಕ್ಕಿಲ್ರಿ," ಎಂದರು ಬಾಳಾಸಾಬ.

"ಮುಳ್ಳ ತಗ್ಯಾಕ ಸೂಜಿ ಒಯ್ದವ್ರ ಹೆಸರೂ ಬರದಾರ. ಲಗಮವ್ವನ ಅಷ್ಟ ಬಿಡ್ತಾರೇನ್ರಿ? ಆಕಿ ಮನಿ ಎಲ್ಲಿ?"

"ರಾಯಬಾಗದಾಗ ಗಂಡನ ಮನಿ. ಹೌದಲ್ರಿ... ಆಕಿ ಈ ಊರಾಗ ಇರೂದ ಇಲ್ಲ."

ಬೀರದೇವನ ಮನೆಯಲ್ಲಿ ಅವನ ತಾಯಿ ಮಲಕವ್ವ ಒಬ್ಬಳೇ ಇದ್ದಳು. ಕಂಬಳಿಯ ಮೇಲೆ ಕುಳಿತು ಉಣ್ಣೆ ಹಿಂಜುತ್ತಿದ್ದಳು.

"ಬರ್ರಿ ಹವಾಲ್ದಾರ. ಇಕಿ ಯಾರು, ನಿಮ್ಮ ಮಗಳೇನು?"

"ಅಲ್ಲ ಬೇ ಆಯಿ. ರಕ್ತದ ಮೇಡಂ."

"ಇನ್ನಾ ರಕ್ತಾ ಬೇಕೇನವಾ ತಂಗಿ? ಈ ಮನ್ಯಾಗ ಉಳದದ್ದು ಬರೇ ಎಲಬು."

ಅವಳ ಪಕ್ಕದಲ್ಲಿಯೇ ನೆಲದ ಮೇಲೆ ಕುಳಿತೆ. "ಲಗಮವ್ವಕ್ಕ ತವರಿಗೆ ಯಾವಾಗ ಬಂದಿದ್ರ ಬೇ ಆಯಿ?"

"ಊರಿಗೆ ಎಲ್ಲಿ ಬಂದ್ಲು? ದೀಪಾವಳಿ ಮುಂದ ಯಡೂರ ಹೊಳಿದಂಡಿಗೆ ನಮ್ಮ ಕುರಿ ಹಟ್ಟಿ ಇತ್ತಲ್ಲ, ಅಲ್ಲಿಗೆ ಬಂದ್ಲು. ಎಂಟ ದಿನ ಇದ್ಲು."

"ಹಟ್ಟ್ಯಾಗ ಯಾರ ಯಾರ ಇದ್ರಿ?"

"ನಾನು, ಬೀರದೇವ, ಕೋಮಲ, ಮಾಳಸಿದ್ದ, ಲಗಮವ್ವ. ಮತ್ತ ನನ್ನ ಮೈದುನ ಭರಮು. ಆ ವಾರ ಬೀರದೇವನ ಬಿಟ್ಟ ಎಲ್ಲಾರಿಗೂ ಚಳಿಜ್ವರ. ಮದಲ ಭರಮುಗ ಬಂತು."

"ದವಾಖಾನಿಗೆ ಹೋಗಿದ್ರೇನು?"

"ಕುರಿ ಬಿಟ್ಟ ಯಾರ ಹೋಗ್ತಾರವಾ? ನಮ್ಮ ಬೀರದೇವ ಅದಾನಲ್ಲ, ಕುರಿ ಡಾಕ್ಟರ. ಕುರಿಗೆ ಹಾಕೂ ಕೆಂಪ ಶಕ್ತಿ ಔಷಧ ಹಾಕಿದ. ಬಿದ್ದ ಕುರಿ ಎದ್ದ ನಿಂದರ್ತೈತಿ, ಮನಷ್ಯಾ ನಿಂದರೂದಿಲ್ಲೇನು? ಮದಲ ಭರಮುಗ, ಆಮ್ಯಾಲ ಮೂರು ಮಂದಿಗೆ. ನಾ ಮಾತ್ರ ಒಲ್ಲೆ ಅಂದೆ. ನನಗ ಸೂಜಿ ಅಂದ್ರ ಅಂಜಿಕಿ."

ಬಾಳಾಸಾಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಆ ಸೂಜಿ ಎಲ್ಲೈತ್ಯ ಬೇ?" ಎಂದು ಕೇಳಿದರು.

ಮಲಕವ್ವ ಜೋಳಿಗೆಯಿಂದ ಬಟ್ಟೆಯ ಗಂಟೊಂದನ್ನು ತೆಗೆದಳು. ಗಾಜಿನ ಸಿರಿಂಜು, ದಪ್ಪ ಉಕ್ಕಿನ ಸೂಜಿ. ಸೂಜಿಯ ಬುಡ ಅರಿಶಿನದಿಂದ ಹಳದಿಯಾಗಿತ್ತು.

"ಪ್ರತಿ ಸಲಾನೂ ಬಿಸಿನೀರಾಗ ಎದ್ದಿ, ಅರಿಶಿಣ ಹಚ್ಚೇ ಇಡ್ತೀವು. ಹೊಲಸ ಇಡೂದಿಲ್ಲ ನಾವು. ಬೀರದೇವ ಇದನ್ನ ಹೊಳಿಗೆ ಒಗದ ಬಿಡು ಅಂದಿದ್ದ. ನಾಳಿಗೆ ಮರಿಗೋಳಿಗೆ ಗಂಟಲಬ್ಯಾನಿ ಬಂದ್ರ ಏನ ಮಾಡೂದು? ಅದಕ್ಕ ಇಟಗೊಂಡೇನಿ."

"ಒಗದ ಬಿಡು ಅಂದದ್ದು ಯಾವಾಗ?"

"ಕೋಮಲ ಸಾಯೂ ಹಿಂದಿನ ದಿನ."

ಅಂದರೆ ದೂರು ಬರೆಸುವ ಹಿಂದಿನ ದಿನ. ಬಾಳಾಸಾಬರು ನನ್ನತ್ತ ನೋಡಿದರು. ಮಲಕವ್ವ ಮತ್ತೆ ಉಣ್ಣೆ ಹಿಂಜತೊಡಗಿದಳು. ತಾನು ಏನು ಹೇಳಿದೆನೆಂಬುದು ಅವಳಿಗೆ ತಿಳಿದಿರಲಿಲ್ಲ.

*

ಮಂಗಳವಾರ ರಾಯಬಾಗದಲ್ಲಿ ಲಗಮವ್ವನನ್ನು ಕಂಡೆವು. ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಸುಗಂಧಾ ಬಾಯಿಯ ಮುಖವನ್ನೇ ನೋಡಿಲ್ಲ ಎಂದಳು. ತಮ್ಮನಿಗೆ ಎದುರು ಮಾತಾಡಬಾರದೆಂದು ಸುಮ್ಮನಿದ್ದಳಂತೆ. ಅದೇ ದಿನ ಭರಮುವಿನ ರಕ್ತವನ್ನೂ ಪಡೆದೆ. ಗಟ್ಟಿಮುಟ್ಟಾದ ಮುದುಕ. ಯಾವ ಕಾಯಿಲೆಯೂ ಇಲ್ಲವೆಂದು ಮೀಸೆ ತಿರುವಿದ. ಹೆಪಟೈಟಿಸ್ ಬಿ ಹಾಗೆಯೇ. ಕೆಲವರ ರಕ್ತದಲ್ಲಿ ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ.

ಹೊಸ ಕಿಟ್ ಬಂದಿತ್ತು. ಬುಧವಾರ, ಫೆಬ್ರವರಿ 22ರಂದು, ವೈರಾಣು ಇದೆಯೆಂದು ಗೊತ್ತಿರುವ ನಳಿಕೆಯ ಜೊತೆ ಇನ್ನೂ ಐದು ನಳಿಕೆಗಳನ್ನು ಇಟ್ಟೆ. ಸೂಜಿಯ ಬುಡದಲ್ಲಿ ಒಣಗಿದ್ದ ರಕ್ತ ಒಂದು. ಭರಮುವಿನ ರಕ್ತ ಎರಡು. ಎರಡರಲ್ಲೂ ವೈರಾಣು ಇತ್ತು. ಅಷ್ಟನ್ನು ಬಾಳಾಸಾಬರಿಗೆ ತಿಳಿಸಿದೆ. ಉಳಿದ ಮೂರು ನಳಿಕೆಗಳ ಫಲಿತಾಂಶವನ್ನು ಪೆನ್ಸಿಲಿನಲ್ಲಿ ಬರೆದು ಪುಸ್ತಕ ಮುಚ್ಚಿದೆ.

ಮಾರ್ಚ್ 2ರಂದು ಬೆಂಗಳೂರಿನಿಂದ ಅಕ್ಷರಗಳು ಬಂದವು. ಭರಮುವಿನ ವೈರಾಣು ಮೂಲ. ಅದರಲ್ಲಿ ಕೋಮಲಳ ಗುರುತಿಲ್ಲ, ಮಾಳಸಿದ್ದನದಿಲ್ಲ, ಲಗಮವ್ವನದೂ ಇಲ್ಲ. ಮೂವರ ವೈರಾಣುಗಳೂ ಅದರಿಂದಲೇ ಕವಲೊಡೆದಿದ್ದವು. ಸೂಜಿಯಲ್ಲಿದ್ದದ್ದು ಭರಮುವಿನದೇ.

*

ಮಾರ್ಚ್ 3, ಶನಿವಾರ. ಯಡೂರಿನ ಹೊಳೆದಂಡೆ. ಕಬ್ಬು ಕಡಿದ ಹೊಲದಲ್ಲಿ ಕುರಿಗಳು ಒಣಸೋಗೆ ಮೇಯುತ್ತಿದ್ದವು. ಬೀರದೇವ ನಮ್ಮನ್ನು ಕಂಡು ಎದ್ದು ನಿಂತ. ಬಾಳಾಸಾಬರು ಬಟ್ಟೆಯ ಗಂಟನ್ನು ತೋರಿಸಿದರು.

"ಇದನ್ನ ಗುರುತ ಹಿಡೀತಿಯೇನೋ?"

ಅವನು ಗಂಟನ್ನು ನೋಡಲಿಲ್ಲ. ಹೊಳೆಯನ್ನು ನೋಡಿದ. "ಅವ್ವ ಒಗದಿಲ್ಲ ಹಂಗಾರ."

"ಯಾವಾಗ ತಿಳೀತು ನಿನಗ?"

"ದವಾಖಾನ್ಯಾಗ್ರಿ. ಹಳೇ ಸೂಜಿ ಯಾರರ ಚುಚ್ಚ್ಯಾರೇನು ಅಂತ ಡಾಕ್ಟರು ಕೇಳಿದ್ರು. ಕೋಮಲ ನನ್ನ ಮಾರಿ ನೋಡಿದ್ಲು. ಬಾಯಿ ತಗೀಲಿಲ್ಲ. ನಾನೂ ತಗೀಲಿಲ್ಲ."

"ಸುಗಂಧಾ ಬಾಯಿ ಹೆಸರ ಯಾಕ ಹೇಳಿದಿ?"

"ನನ್ನ ಕೈ ಅಂತ ಹ್ಯಾಂಗ ಹೇಳ್ಲಿ ಸಾಹೇಬ್ರ? ಕೋಮಲ ಜ್ವರದಾಗ ಸೊಂಟ ಹಿಡದು ಅಳೂದ ನೋಡಲಾರದ ಹಾಕಿದ್ನಿ. ಬಾಯಿ ಊರ ಮಂದಿಗೆಲ್ಲ ಸೂಜಿ ಹಾಕ್ತಾರ. ಮಂದಿ ಲಗೂನ ನಂಬ್ತಾರ ಅನಸ್ತು."

"ಯಾಕ ಲಗೂನ ನಂಬ್ತಾರ?" ನಾನು ಕೇಳಿದೆ.

ಅವನು ಬಗ್ಗಿ ಸೋಗೆಯ ಎಸಳೊಂದನ್ನು ಹರಿದ. ಉತ್ತರ ಮೂವರಿಗೂ ತಿಳಿದಿತ್ತು. ನಂತರ ನನ್ನ ಕಡೆ ತಿರುಗಿದ.

"ಮೇಡಂ, ಒಂದ ಮಾತ ಹೇಳ್ಲಿ? ಬಾಯಿ ರಕ್ತದಾಗ ಅದ ರೋಗ ಐತಿ ಅಂತ ನಿಮ್ಮ ರಿಪೋರ್ಟ್ ಬಂತಲ್ಲ. ಅವತ್ತ ನಾನೂ ನಂಬಿದ್ನಿ. ಖರೇನ ನನ್ನ ಕೈ ಅಲ್ಲ ಅಂತ ತಿಳದು, ಅವತ್ತೊಂದ ದಿನ ಚಲೋತ್ನಂಗ ಉಂಡು ಮಲಗಿದ್ನಿ."

ಬಾಳಾಸಾಬರು ಅವನನ್ನು ಜೀಪಿನ ಹಿಂದೆ ಕೂರಿಸಿದರು. ನಂತರ ನನ್ನ ಬಳಿ ಬಂದು ದನಿ ತಗ್ಗಿಸಿದರು.

"ಎಲ್ಲಾ ಕೂಡೇತ್ರಿ. ಒಂದ ಕೂಡವಲ್ದು. ಬಾಯಿ ರಕ್ತದಾಗ ಹ್ಯಾಂಗ ಬಂತು?"

"ಬಾಯಿ ರಕ್ತದಾಗ ಬಂದಿಲ್ರಿ. ನನ್ನ ನಳಿಕ್ಯಾಗ ಬಂದೈತಿ."

ನಾನು ಕ್ರಮವಾಗಿ ಹೇಳಿದೆ.

ನಕಲು ಮಾಡಿದ ನಳಿಕೆ ಶುದ್ಧ ಕೋಣೆಗೆ ಹೋಗಬಾರದು. ಅದರಲ್ಲಿ ಕೋಟಿ ಕೋಟಿ ತುಣುಕುಗಳಿರುತ್ತವೆ. ಕಣ್ಣಿಗೆ ಕಾಣದ ಒಂದು ತುಂತುರು ಸಾಕು. ಈ ನಿಯಮವನ್ನು ಗೋಡೆಗೆ ಅಂಟಿಸಿದವಳು ನಾನೇ. ಫೆಬ್ರವರಿ 1ರಂದು ಕರೆಂಟ್ ಹೋಯಿತು. ಇನ್ವರ್ಟರ್ ಇದ್ದದ್ದು ಶುದ್ಧ ಕೋಣೆಗೆ ಮಾತ್ರ. ನಾಲ್ಕು ಗಂಟೆ ಕಾಯಬೇಕಿತ್ತು. ಕಾಯಲಿಲ್ಲ. ಜೆಲ್ಲನ್ನೂ ನಳಿಕೆಗಳನ್ನೂ ಅಲ್ಲಿಗೆ ಒಯ್ದೆ. 16ರ ಮುಚ್ಚಳ ಟಪ್ಪೆಂದು ತೆರೆಯಿತು. ಮರುದಿನ ಅದೇ ಮೇಜಿನ ಮೇಲೆ ಸುಗಂಧಾ ಬಾಯಿಯ ರಕ್ತವನ್ನು ತೆರೆದೆ. ಕೋಮಲಳ ಗುರುತು ಹಾಗೆ ಹದಿನೇಳಕ್ಕೆ ಬಂತು. ಪಟ್ಟಿ ಮಸುಕಾಗಿದ್ದದ್ದೂ ಅದಕ್ಕೇ. ನೀರಿನ ನಳಿಕೆ ಇಟ್ಟಿದ್ದರೆ ಅದೂ ಹೊಳೆಯುತ್ತಿತ್ತು. ನನ್ನ ತಪ್ಪು ಅಂದೇ ಸಿಗುತ್ತಿತ್ತು. ಅದನ್ನೂ ಇಡಲಿಲ್ಲ.

"ಇದು ಖಾತ್ರಿ ಆದದ್ದು ಯಾವಾಗ್ರಿ?"

"ಇಪ್ಪತ್ತೆರಡಕ್ಕ. ಫ್ರಿಜ್ಜಿನಾಗ ಬಾಯಿ ರಕ್ತದ ಇನ್ನೊಂದ ನಳಿಕಿ ಇತ್ತು. ತಗದಿರಲಿಲ್ಲ. ಅವತ್ತ ಮೇಜ ಒರಸಿ ಒಂದ ಮಾದರಿ ತಗೊಂಡು, ಆಮ್ಯಾಲ ಮೇಜ ತೊಳದು, ಅದನ್ನೂ ನೋಡಿದ್ನಿ."

"ಇವತ್ತ ಮೂರು."

"ಹೌದ್ರಿ. ಹತ್ತ ದಿನ ನನಗ ಗೊತ್ತಿತ್ತು. ಖರೇ ಕಳ್ಳ ಸಿಕ್ಕ ಮ್ಯಾಲ ಹೇಳಿದ್ರ ನನ್ನ ತಪ್ಪು ಸಣ್ಣದ ಕಾಣತೈತಿ ಅಂದುಕೊಂಡಿದ್ನಿ. ಆ ಹತ್ತ ದಿನಾನೂ ಬಾಯಿ ಜೇಲಿನಾಗ ಕುಂತಿದ್ರು."

ಬಾಳಾಸಾಬರು ಜೀಪಿನಲ್ಲಿ ಕುಳಿತಿದ್ದ ಬೀರದೇವನತ್ತ ಒಮ್ಮೆ ತಿರುಗಿ ನೋಡಿದರು.

"ಕರೆಂಟಿನ ಮ್ಯಾಲ ಹಾಕ್ರಿ ಮೇಡಂ," ಎಂದರು. "ಯಂತ್ರ ಕೆಟ್ಟಿತ್ತು ಅನ್ರಿ. ಕರೆಂಟಿಗೇನ ಮರ್ಯಾದಿ ಐತಿ? ನೀವು ಸಣ್ಣಾಕಿ, ಮುಂದ ನೌಕರಿ ಐತಿ."

"ಬೀರದೇವನೂ ಹಂಗ ಮಾಡ್ಯಾನಲ್ರಿ, ಇನ್ನೊಬ್ಬರ ಮ್ಯಾಲ ಹಾಕ್ಯಾನ."

ಅವರು ಜೀಪಿನ ಬಾಗಿಲು ತೆರೆದರು. "ಬರ್ರಿ. ಐದರ ಒಳಗ ಸಾಹೇಬರಿಗೆ ಮುಟ್ಟಬೇಕು. ಇವತ್ತ ಕೊಟ್ರ ಸೋಮವಾರ ಬಾಯಿ ಮನಿಗೆ ಹೋಗ್ತಾರ."

ಲ್ಯಾಬಿಗೆ ಬಂದು ಪೆನ್ಸಿಲಿನ ಬರಹದ ಮೇಲೆ ಶಾಯಿಯಿಂದ ಬರೆದೆ. ಹೊಸ ಕಾಗದ ತೆಗೆದುಕೊಂಡೆ. ಸುಗಂಧಾ ಬಾಯಿ ಬಂಧನಕ್ಕೊಳಗಾಗಿ ಅಂದಿಗೆ ಹದಿನೆಂಟು ದಿನಗಳಾಗಿದ್ದವು. ಪೂನಮಳ ಫೈಲು ಮೇಜಿನ ಮೇಲೆಯೇ ಇತ್ತು.

ತಿದ್ದುಪಡಿ ವರದಿ. ದಿನಾಂಕ 3-3-2012. ಫೆಬ್ರವರಿ 14ರ ವರದಿಯನ್ನು ಹಿಂಪಡೆಯಲಾಗಿದೆ. ಕಾರಣ: ಪರೀಕ್ಷಕಿಯ ನಿಯಮೋಲ್ಲಂಘನೆ. ಪರೀಕ್ಷಕಿಗೆ ಇದು ಖಚಿತವಾಗಿ ತಿಳಿದ ದಿನ: 22-2-2012.

ನೀರಿನ ನಳಿಕೆ: ವೈರಾಣು ಪತ್ತೆಯಾಗಿಲ್ಲ.

ಶುದ್ಧ ಕೋಣೆಯ ಮೇಜು, ಒರೆಸಿ ತೆಗೆದ ಮಾದರಿ: ವೈರಾಣುವಿನ ತುಣುಕು ಪತ್ತೆಯಾಗಿದೆ.

ಮಾದರಿ 17, ಸುಗಂಧಾ: ವೈರಾಣು ಪತ್ತೆಯಾಗಿಲ್ಲ.